ಅಕ್ಕನ ಕೋಣೆಯ ಡಬ್ಬಿ

ಹಲ್ಲಿ ಡಬ್ಬಿಯ ಮೇಲೆ ಮೊಟ್ಟೆ ಇಡಬಹುದಿತ್ತು. ಇಲಿ ದಾರ ಕಡಿಯಬಹುದಿತ್ತು. ಯುಗಾದಿ ಹತ್ತಿರ ಬಂದಂತೆ ಸುಣ್ಣ ಹೊಡೆಯುವವನು ಗೋಡೆಯ ಜೊತೆಗೆ ಅದಕ್ಕೂ ಒಂದು ಕೈ ಬಳಿದುಬಿಡಬಹುದಿತ್ತು. ಕುಂತೂರಿನಲ್ಲಿ ಕಬ್ಬಿನ ಟ್ರ್ಯಾಕ್ಟರ್ ಹಾದುಹೋದಾಗಲೆಲ್ಲ ನಡುಗುವ ಮನೆಗಳಿವೆ. ಅಲ್ಲಿ ಮೊಳೆ ಸಮೇತ ಕಳಚಿ ಸಾರಿನ ಪಾತ್ರೆಗೆ ಬೀಳಬಹುದಿತ್ತು. ಯಳಂದೂರಿನಲ್ಲಿ ಯಾರಾದರೂ ಕ್ಯಾಮೆರಾ ಎಂದುಕೊಂಡು ಪೊಲೀಸ್ ಸ್ಟೇಷನ್ನಿಗೆ ಹೋಗಬಹುದಿತ್ತು. ಹನೂರಿನಲ್ಲಿ, ನೆಲದಡಿ ಯುರೇನಿಯಂ ಸಿಕ್ಕಿದೆಯಂತೆ, ಜಮೀನೆಲ್ಲ ಹೋಯಿತಂತೆ ಎಂಬ ಸುದ್ದಿ ಹುಟ್ಟಿ, ನಾನು ಬಸ್ಸಿನಿಂದ ಇಳಿಯುವುದನ್ನೇ ಜನ ಕಾಯುತ್ತಿರಬಹುದಿತ್ತು. ಮನೆ ನಂಬರುಗಳನ್ನು ನಾನೇ ಅದಲುಬದಲು ಮಾಡಿರಬಹುದಿತ್ತು. ಬಸ್ಸಿನಲ್ಲಿ ಕಣ್ಣು ಹತ್ತಿ, ನಾನು ಹನೂರಿನಲ್ಲಿ ಗಡಬಡಿಸಿ ಇಳಿದು, ಡಬ್ಬಿಗಳ ಬ್ಯಾಗು ಮಾತ್ರ ಮಾದಪ್ಪನ ಬೆಟ್ಟ ಹತ್ತಿಬಿಡಬಹುದಿತ್ತು.

ಇವನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೆ. ಹೆಂಡತಿ ಓದಿ ಮುಗಿಸಿ, "ಭೂಕಂಪ ಬುಟ್‌ಬುಟ್ಟಿದ್ದೀರಲ್ರೀ" ಎಂದಳು. ಅವಳು ಅಡುಗೆಮನೆಗೆ ಹೋದ ಮೇಲೆ ಅದನ್ನೂ ಸೇರಿಸಿದೆ.

ಕೊಳ್ಳೇಗಾಲದ ಒಂದು ಕಾಲೇಜಿನಲ್ಲಿ ನಾನು ಭೌತಶಾಸ್ತ್ರದ ಲ್ಯಾಬ್ ನೋಡಿಕೊಳ್ಳುವವನು. ಇಷ್ಟು ವರ್ಷ ಲೋಲಕಗಳ ದಾರ ಬದಲಿಸುತ್ತ, ಮಸೂರಗಳನ್ನು ಒರೆಸುತ್ತ, ಹುಡುಗರು ಮೀಟರು ಸುಡುವುದನ್ನು ಅವರಿಗಿಂತ ಮೊದಲೇ ಊಹಿಸಿ ಬೆವರುತ್ತ ಬಂದವನು. ಮೈಸೂರಿನಿಂದ ಒಬ್ಬ ಸಂಶೋಧಕಿ ಬಂದು, ಈ ಮೂರು ತಾಲ್ಲೂಕಿನ ನಲವತ್ತು ಮನೆಗಳಲ್ಲಿ ರೇಡಾನ್ ಅಳೆಯಬೇಕು, ಊರು ಬಲ್ಲವರೊಬ್ಬರು ಬೇಕು ಎಂದಾಗ ಪ್ರಿನ್ಸಿಪಾಲರು ನನ್ನತ್ತ ಕೈ ತೋರಿಸಿದರು. "ಇವರು ಬಹಳ ಹುಷಾರಿನ ಮನುಷ್ಯ" ಎಂದರು. ಪುಕ್ಕಲ ಎನ್ನುವುದನ್ನು ಆಫೀಸಿನಲ್ಲಿ ಹಾಗೆ ಹೇಳುತ್ತಾರೆ.

ರೇಡಾನ್ ಎಂದರೆ ನೆಲದ ಕಲ್ಲುಮಣ್ಣಿನಿಂದ ತಾನಾಗಿಯೇ ಹೊರಡುವ, ವಿಕಿರಣ ಸೂಸುವ ಅನಿಲ. ಬಣ್ಣವಿಲ್ಲ, ವಾಸನೆಯಿಲ್ಲ. ಬಯಲಿನಲ್ಲಿ ಗಾಳಿಯೊಂದಿಗೆ ಕಲೆತು ಹೋಗುತ್ತದೆ, ಗಾಳಿಯಾಡದ ಕೋಣೆಯಲ್ಲಿ ನಿಂತುಬಿಡುತ್ತದೆ. ವರ್ಷಗಟ್ಟಲೆ ಉಸಿರಾಡಿದರೆ ಶ್ವಾಸಕೋಶಕ್ಕೆ ಕೇಡು. ಅದನ್ನು ಹಿಡಿಯಲು ನಮಗೆ ಕೊಟ್ಟಿದ್ದು ಬೆರಳುದ್ದದ ಕಪ್ಪು ಪ್ಲಾಸ್ಟಿಕ್ ಡಬ್ಬಿ. ಒಳಗೆ ಉಗುರಿನಗಲದ ಒಂದು ಫಿಲಂ. ಅನಿಲದಿಂದ ಸಿಡಿಯುವ ಕಣಗಳು ಫಿಲಮ್ಮಿನ ಮೇಲೆ ಕಣ್ಣಿಗೆ ಕಾಣದ ಗೀರು ಹಾಕುತ್ತವೆ. ಡಬ್ಬಿಯನ್ನು ಮೂರು ತಿಂಗಳು ಅಲುಗಾಡಿಸದೆ ತೂಗುಹಾಕಬೇಕು. ಆಮೇಲೆ ಮೈಸೂರಿನ ಲ್ಯಾಬಿನಲ್ಲಿ ಫಿಲಂ ತೊಳೆದು, ಮೈಕ್ರೋಸ್ಕೋಪಿನಡಿ ಇಟ್ಟು, ಗೀರುಗಳನ್ನು ಎಣಿಸುತ್ತಾರೆ.

ಡಬ್ಬಿ ಬರುವುದು ಬೆಳ್ಳಿ ಬಣ್ಣದ ದಪ್ಪ ಕವರಿನಲ್ಲಿ, ಬಾಯಿ ಅಂಟಿಸಿಕೊಂಡು. ಆ ಕವರಿನೊಳಕ್ಕೆ ಅನಿಲ ನುಗ್ಗುವುದಿಲ್ಲ. "ಕವರ್ ಒಳಗಿರೋವರೆಗೂ ಅದು ನಿದ್ದೆ ಮಾಡ್ತಿರುತ್ತೆ ಸರ್. ನೀವು ಹರಿದಾಗ ಎದ್ದೇಳುತ್ತೆ" ಎಂದಿದ್ದರು ಸಂಶೋಧಕಿ.

ಸಂಕ್ರಾಂತಿ ಕಳೆದ ಮೇಲೆ ಮನೆಮನೆ ಸುತ್ತಿದೆ. ಹನೂರಿನಲ್ಲಿ ಒಬ್ಬ ಮುದುಕರು ಡಬ್ಬಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಗಾಳಿ ಅಳ್ಯಕ್ ಬಂದ್ರಾ ಸಾ? ಮದ್ಲು ನಲ್ಲೀಲಿ ನೀರ್ ಬುಡ್ಸಿ, ಆಮ್ಯಾಕೆ ಗಾಳಿ ನೋಡ್ಕಳವ" ಎಂದರು. ಕುಂತೂರಿನಲ್ಲಿ ಸಕ್ಕರೆ ಕಾರ್ಖಾನೆಗೆ ಹೋಗುವವರೊಬ್ಬರ ಹೆಂಡತಿ, "ನಾವ್ ಗಂಡ ಎಂಡ್ತಿ ಜಗಳ ಆಡದು ಇದ್ರಲ್ಲಿ ರೆಕಾರ್ಡ್ ಆದದಾ ಸಾ?" ಎಂದು ಕೇಳಿದರು. ಇಲ್ಲಮ್ಮ ಎಂದೆ. "ಆದ್ರೂ ಆಗ್ಲಿ ಬುಡಿ. ನಂದೇನ್ ತಪ್ಪಿಲ್ಲ" ಎಂದು ಗಂಡನ ಕಡೆ ನೋಡಿದರು. ಗಂಡ ಮೊಳೆ ಹೊಡೆಯುವುದರಲ್ಲಿ ಬಹಳ ಆಸಕ್ತಿ ತೋರಿಸಿದರು.

ಮೂವತ್ತೊಂಬತ್ತು ಮನೆ ಆಯಿತು. ನಲವತ್ತನೆಯದು ಅಜ್ಜೀಪುರದಲ್ಲಿ, ನನ್ನ ಅಕ್ಕನದು.

ಅಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು. ಅವಳ ಮನೆಯ ಮುಂಭಾಗವನ್ನು ಮಗ ಸೊಸೆ ಹೊಸದಾಗಿ ಕಟ್ಟಿಸಿಕೊಂಡಿದ್ದರು. ಅವಳೂ ಭಾವನೂ ಮಲಗುತ್ತಿದ್ದುದು ಹಿಂದಿನ ಒಳಕೋಣೆಯಲ್ಲಿ. ಮಣ್ಣಿನ ದಪ್ಪ ಗೋಡೆ, ಸಂದು ಬಿಟ್ಟ ಕಲ್ಲುಚಪ್ಪಡಿಯ ನೆಲ, ಪುಸ್ತಕದಷ್ಟಗಲದ ಒಂದು ಕಿಟಕಿ. ಬೆಕ್ಕು ನುಗ್ಗುತ್ತದೆಂದು ಆ ಕಿಟಕಿಯನ್ನೂ ಅಕ್ಕ ಯಾವಾಗಲೋ ಮುಚ್ಚಿದ್ದಳು. ಮದುವೆಯಾಗಿ ಬಂದಂದಿನಿಂದ ಅವಳು ಮಲಗಿದ್ದು ಅಲ್ಲೇ. ಇಂಥ ಕೋಣೆಯೇ ಬೇಕು ಎಂದು ಸಂಶೋಧಕಿ ಹೇಳಿದ್ದರಿಂದ ನಾನು ಅದನ್ನು ಪಟ್ಟಿಗೆ ಸೇರಿಸಿದ್ದೆ.

ಅಕ್ಕ ಯಾವ ವಸ್ತುವನ್ನೂ ಬರಿಮೈಯಲ್ಲಿ ಇಟ್ಟವಳಲ್ಲ. ಟಿ.ವಿ. ರಿಮೋಟು ಕವರಿನೊಳಗೆ, ಕವರಿನ ಬಾಯಿಗೆ ಹೂ ಕಟ್ಟುವ ದಾರ. ಪಾಸ್‌ಬುಕ್ಕಿಗೆ ಒಂದು ಕವರು, ಆ ಕವರಿಗೆ ಇನ್ನೊಂದು. ಮಿಕ್ಸಿಗೆ ಹಳೆಯ ರವಿಕೆಯ ಮುಸುಕು. ಭಾವ ಚಾನಲ್ ಬದಲಿಸುವಾಗಲೆಲ್ಲ ಕವರಿನ ಮೇಲಿಂದ ಒತ್ತೀ ಒತ್ತೀ, "ಒಂದಿನ ನನ್ನೂ ಕವರ್ನೊಳಕ್ಕಾಕಿ ಕಟ್‌ಬುಡ್ತಾಳೆ ಕಣಪ್ಪಾ" ಎನ್ನುತ್ತಿದ್ದರು.

ನಾನು ಡಬ್ಬಿ ಹಿಡಿದು ಸ್ಟೂಲು ಹತ್ತಿದಾಗ ಅಕ್ಕ ಕೆಳಗಿನಿಂದ, "ಏನ್ಲಾ ಅದು, ದೃಷ್ಟಿಗಾ?" ಎಂದಳು.

"ದೃಷ್ಟಿಗಲ್ಲಕ್ಕ. ಮನೆ ಗಾಳಿ ನೋಡೋಕೆ."

"ಇಕಾ, ಬನ್ನಿ ಇಲ್ಲಿ" ಎಂದು ಭಾವನನ್ನು ಕೂಗಿದಳು. "ನನ್ ತಮ್ಮ ಗಾಳಿ ಬುಡ್ಸೋನಾಗವ್ನೆ. ಬೇವಿನ ಸೊಪ್ಪು ಬೇಕಾ ಕೇಳಿ."

ನಗುತ್ತಲೇ ಕೆಮ್ಮು ಬಂತು. ಸ್ಟೂಲು ಹಿಡಿದುಕೊಂಡಿದ್ದಳು, ಅವಳು ಕೆಮ್ಮಿದಂತೆ ಸ್ಟೂಲು ಅಲ್ಲಾಡಿತು. "ಏನಕ್ಕ ಕೆಮ್ಮು?" ಎಂದೆ. "ಒಲೆ ಹೊಗೆ ಕಣ್ಲಾ. ದೀಪಾವಳಿಯಿಂದ ಹಿಂಗೇ ಅದೆ. ಓಯ್ತದೆ ಬುಡು." ಡಬ್ಬಿ ಕೈಜಾರಿ ಬಿದ್ದೀತೆಂದು ನನಗೆ ದಿಗಿಲಾಗಿ, ಸ್ವಲ್ಪ ದೂರ ನಿಂತು ಕೆಮ್ಮು ಎಂದು ಅವಳಿಗೆ ಹೇಳಿದೆ. ಅವಳು ಹೋಗಿ ಬಾಗಿಲ ಬಳಿ ನಿಂತು ಕೆಮ್ಮಿದಳು.

ಕೆಳಗಿಳಿದು ನನ್ನ ಉಪದೇಶ ಶುರು ಮಾಡಿದೆ. ಮುಟ್ಟಬೇಡಿ. ಅಲ್ಲಾಡಿಸಬೇಡಿ. ಮಸಿ ಹಿಡಿಯಬಾರದು. ಜೇಡ ಬಲೆ ಕಟ್ಟಬಾರದು. ಧೂಳು ಬೀಳಲೇಬಾರದು. ಸಂಶೋಧಕಿ ಕೊಟ್ಟ ಸೂಚನೆಯ ಹಾಳೆಯಲ್ಲಿ ಧೂಳಿನ ಮಾತೇ ಇರಲಿಲ್ಲ. ಅದಕ್ಕೆ ಡಬ್ಬಿಯಲ್ಲೇ ಏನೋ ವ್ಯವಸ್ಥೆಯಿತ್ತು. ಧೂಳು ನಾನು ನನ್ನ ಕೈಯಿಂದ ಸೇರಿಸಿದ್ದು. ಬಸ್ಸಿಗೆ ಹೊರಡುವ ಮುನ್ನ ನಾಲ್ಕನೆಯ ಸಲ ಅದನ್ನೇ ಹೇಳಿದಾಗ ಅಕ್ಕ, "ಆಯ್ತು ಕಣ್ಲಾ, ಒಂದ್ ಚೂರು ಧೂಳ್ ಬೀಳಲ್ಲ, ನಿನ್ ಮೇಲಾಣೆ. ಓಗು, ಬಸ್ ಬತ್ತದೆ" ಎಂದಳು. ನಾನು ಹರಿದಿದ್ದ ಬೆಳ್ಳಿ ಕವರು ಅವಳ ಕೈಯಲ್ಲಿತ್ತು. "ಈ ಕವರು ಚಂದಾಗದೆ. ಬೇಕಾ ನಿಂಗೆ?" ವಾಪಸ್ ತರಲು ಹೊಸ ಕವರುಗಳು ನನ್ನ ಬ್ಯಾಗಿನಲ್ಲಿದ್ದವು. ಹಳೆಯದು ಎಸೆಯುವಂಥದ್ದು. ಇಟ್ಟುಕೊ ಎಂದೆ.

ವಾರಕ್ಕೊಮ್ಮೆ ಫೋನು ಮಾಡುತ್ತಿದ್ದೆ. ಡಬ್ಬಿ ಹೇಗಿದೆ ಎಂದು ಕೇಳುವುದು. "ಬದ್ರವಾಗದೆ" ಎನ್ನುವಳು. ಒಂದು ಸಲ ಉಸಿರು ಕಟ್ಟಿದಂತೆ ಮಾತಾಡುತ್ತ, "ನನ್ ವಿಸ್ಯನೂ ಒಸಿ ಕೇಳ್ಲಾ. ನಾನೂ ಇದೇ ಕೋಣೇಲಿ ಇವ್ನಿ" ಎಂದು ನಕ್ಕಳು. ನಾನೂ ನಕ್ಕೆ. ಭೂಕಂಪದವರೆಗೆ ಯೋಚಿಸಿದ್ದ ನನ್ನ ಆ ನೋಟ್‌ಬುಕ್ಕಿನಲ್ಲಿ ಅಕ್ಕನ ಕೆಮ್ಮು ಎಲ್ಲೂ ಇಲ್ಲ. ಈಚೆಗೆ ಪುಟ ತಿರುಗಿಸಿ ಮತ್ತೆ ನೋಡಿದೆ. ಇಲ್ಲ.

ಶಿವರಾತ್ರಿಗೆ ಮೊದಲು ಅವಳನ್ನು ಮೈಸೂರಿಗೆ ಕರೆದುಕೊಂಡು ಹೋದೆವು. ಡಾಕ್ಟರು ಎಕ್ಸ್‌ರೇ, ಸ್ಕ್ಯಾನು ಎಲ್ಲ ನೋಡಿ, "ಬೀಡಿ ಗೀಡಿ ಸೇದ್ತಿದ್ರಾ?" ಎಂದು ಕೇಳಿದರು. ಭಾವ, "ಎಲೆ ಅಡಿಕೆನೂ ಆಕ್ಕಂಡೋಳಲ್ಲ ಸಾ" ಎಂದರು. ಶ್ವಾಸಕೋಶದ ಕ್ಯಾನ್ಸರು, ಎರಡೂ ಕಡೆಗೆ ಹಬ್ಬಿತ್ತು. ಮೂರು ವಾರವೂ ಉಳಿಯಲಿಲ್ಲ ಅವಳು. ಕೊನೆಗೆ ಮನೆಗೇ ಕರೆದುಕೊಂಡು ಹೋಗಿ ಎಂದಿದ್ದರು. ನಡುಮನೆಯಲ್ಲಿ, ಹೊಸ ಕಿಟಕಿಯ ಪಕ್ಕ ಮಂಚ ಹಾಕಿದ್ದೆವು. ಒಂದು ಬೆಳಿಗ್ಗೆ ಹೋದಳು.

ಮಣ್ಣು ಮಾಡಿ ಬಂದ ದಿನ ಒಳಕೋಣೆಯ ಬಾಗಿಲವರೆಗೆ ಹೋಗಿ ನಿಂತೆ. ಒಳಗೆ ಕತ್ತಲು, ನೆಂಟರ ಬ್ಯಾಗುಗಳು, ಮಲಗಿದ್ದ ಕೂಸುಗಳು. ತಲೆಯೆತ್ತಿ ಡಬ್ಬಿ ನೋಡಬೇಕೆನ್ನಿಸಿತು. ಅಕ್ಕ ಸತ್ತ ದಿನ ಡಬ್ಬಿ ನೋಡಲು ಹೋದವನು ಎನ್ನಿಸಿಕೊಳ್ಳಲು ನಾಚಿಕೆಯಾಗಿ ಹಿಂತಿರುಗಿ ಬಂದೆ.

ಆದರೆ ತಲೆಯಲ್ಲಿ ಮಾತ್ರ ಆ ಡಬ್ಬಿ ತೂಗುತ್ತಲೇ ಇತ್ತು. ಒಲೆಯ ಹೊಗೆಯಾ, ಕಲ್ಲುನೆಲದ ಗಾಳಿಯಾ, ಎರಡೂ ಅಲ್ಲದ ಮತ್ತೇನೋ ಒಂದಾ? ಸಂಶೋಧಕಿಗೆ ಫೋನು ಮಾಡಿದೆ. "ಒಬ್ಬರಿಗೆ ಬಂದ ಕಾಯಿಲೆಗೆ ಇದೇ ಕಾರಣ ಅಂತ ಒಂದು ಡಬ್ಬಿ ನೋಡಿ ಹೇಳೋಕಾಗಲ್ಲ ಸರ್" ಎಂದರು. "ಆ ಕೋಣೇಲಿ ಜಾಸ್ತಿ ಇತ್ತಾ ಇಲ್ವಾ ಅನ್ನೋದನ್ನ ಮಾತ್ರ ಹೇಳಬಹುದು." ಅಷ್ಟೇ ಸಾಕಾಗಿತ್ತು ನನಗೆ. ಕಡಿಮೆ ಇತ್ತು ಎಂದು ಬಂದರೆ ನಾನು ಉಸಿರಾಡುತ್ತಿದ್ದೆ. ಜಾಸ್ತಿ ಇತ್ತು ಎಂದು ಬಂದರೆ, ಲ್ಯಾಬಿನಲ್ಲಿ ಇಷ್ಟು ವರ್ಷ ಇದ್ದೂ ಆ ಕಿಟಕಿ ತೆಗೆಸದವನು ಎಂದು ನನ್ನನ್ನೇ ಬೈದುಕೊಳ್ಳಲಾದರೂ ಒಂದು ಆಧಾರ ಸಿಗುತ್ತಿತ್ತು.

ಹನ್ನೊಂದರ ದಿನ ಭಾವ ನನ್ನನ್ನು ಜಗಲಿಗೆ ಕರೆದು ಕೇಳಿದರು. "ಅದೇನೋ ಗಾಳಿ ಅಂದ್ಯಲ್ಲಪ್ಪ. ನಾನು ಒಳಗ್ ಮನಗ್‌ಬೋದಾ? ಅವ್ಳ ಜಾಗ ಅದು. ಬೇರೆ ಕಡೆ ನಿದ್ದೆ ಬರಾಕಿಲ್ಲ."

"ಡಬ್ಬಿ ಇಳಿಸಿ ಮೈಸೂರಿಗೆ ಕಳಿಸೋವರೆಗೂ ಬೇಡ ಭಾವ. ನಂಬರು ಬರಲಿ" ಎಂದೆ. ಬಾಯಿಗೆ ಬಂದದ್ದು ಅದೊಂದೇ. ಅವರು ತಲೆ ಆಡಿಸಿದರು. ಅಂದಿನಿಂದ ಜಗಲಿಯ ಮೇಲೆಯೇ ಮಲಗಿದರು. ಒಳಕೋಣೆಯ ಕಿಟಕಿಯನ್ನು ಮಗ ತೆಗೆದುಬಿಟ್ಟಿದ್ದ. ಬಾಗಿಲೂ ತೆರೆದೇ ಇರುತ್ತಿತ್ತು.

ಯುಗಾದಿ ಕಳೆಯಿತು. ಮೂರು ತಿಂಗಳು ತುಂಬಿದಂತೆ ಒಂದೊಂದೇ ಡಬ್ಬಿ ಇಳಿಸಿದೆ. ಹಲ್ಲಿ ಮೊಟ್ಟೆ ಇಟ್ಟಿರಲಿಲ್ಲ. ಇಲಿ ಯಾವ ದಾರವನ್ನೂ ಕಡಿದಿರಲಿಲ್ಲ. ಸುಣ್ಣ ಹೊಡೆದ ಮನೆಗಳಲ್ಲಿ ಡಬ್ಬಿಯ ಸುತ್ತ ಒಂದು ಗೇಣು ಜಾಗ ಬಿಟ್ಟೇ ಬಳಿದಿದ್ದರು. ಕುಂತೂರಿನ ಆ ಹೆಂಗಸು, "ಇದು ಬಂದ್ಮೇಕೆ ಇವ್ರು ಮೆತ್ತುಗ್ ಮಾತಾಡ್ತಾರೆ ಸಾ, ಇನ್ನೊಂದ್ ತಿಂಗ್ಳು ಇರ್ಲಿ" ಎಂದು ಬೇಡಿಕೊಂಡರು. ಮೂವತ್ತೊಂಬತ್ತು ಡಬ್ಬಿಗಳು ಹೊಸ ಕವರುಗಳಿಗೆ ಸೇರಿದವು. ನನ್ನ ಜೀವನದಲ್ಲಿ ಇಷ್ಟು ಸುಸೂತ್ರವಾಗಿ ಯಾವ ಕೆಲಸವೂ ಆಗಿರಲಿಲ್ಲ. ಅದೂ ಒಂದು ಭಯವೇ ಆಯಿತು.

ಅಜ್ಜೀಪುರದಲ್ಲಿ ಬಸ್ಸಿಳಿದಾಗ ಮಧ್ಯಾಹ್ನ. ಭಾವ ಕಾಯುತ್ತಿದ್ದರು. ಅವರೇ ಸ್ಟೂಲು ತಂದು ಹಾಕಿ ಹಿಡಿದುಕೊಂಡರು. ಹತ್ತಿ ತೊಲೆಯ ಕಡೆ ಕೈ ಚಾಚಿದೆ. ತೆರೆದ ಕಿಟಕಿಯಿಂದ ಬಂದ ಬೆಳಕಿಗೆ ಏನೋ ಮಿನುಗಿತು.

ಬೆಳ್ಳಿ ಕವರು. ಕೆಳಗಿನಿಂದ ಡಬ್ಬಿಯನ್ನು ಪೂರ್ತಿ ಒಳಗೆ ತೆಗೆದುಕೊಂಡು, ಮೇಲೆ ಬಾಯಿ ನೆರಿಗೆ ಹಿಡಿದು, ಹೂ ಕಟ್ಟುವ ದಾರ ನಾಲ್ಕು ಸುತ್ತು ಬಿಗಿದು ಗಂಟು ಹಾಕಿತ್ತು. ರಿಮೋಟಿಗೆ ಹಾಕುತ್ತಿದ್ದ ಅದೇ ಗಂಟು.

"ಯಾವಾಗ ಕಟ್ಟಿದ್ದು ಭಾವ ಇದು?"

"ನೀನ್ ಓದ್ ಮಾರ್ನೆ ದಿನವೇ. ಸ್ಟೂಲ್ ಹಿಡ್ಕೊಂಡಿದ್ದೆ ನಾನು. ಒಂಚೂರೂ ಅಲ್ಲಾಡ್ಸ್‌ದೆ ಕಟ್ಟುದ್ಲು. ತಮ್ಮ ನಾಕ್ ನಾಕ್ ಸಲ ಯೋಳವ್ನೆ, ಧೂಳ್ ಬಿದ್ರೆ ಅವ್ನ ಮಾನ ಓಯ್ತದೆ ಅಂದ್ಲು."

ಸ್ಟೂಲಿನ ಮೇಲೆ ನಿಂತೇ ಸಂಶೋಧಕಿಗೆ ಫೋನು ಮಾಡಿದೆ. ಕವರಿನೊಳಗಿದ್ದರೆ ಅದು ಕೋಣೆಯ ಗಾಳಿಯನ್ನು ನೋಡಿಯೇ ಇಲ್ಲ ಸರ್, ಅದರ ಲೆಕ್ಕ ನಂಬುವಂತಿಲ್ಲ ಎಂದರು. ಬೇಕಾದರೆ ಬೇರೆ ಡಬ್ಬಿ ಕೊಡುತ್ತೇನೆ, ಇನ್ನು ಮೂರು ತಿಂಗಳು ಎಂದರು. ಬೇರೆ ಡಬ್ಬಿ ಈ ತೆರೆದ ಕಿಟಕಿಯ ಕೋಣೆಯನ್ನು ಅಳೆಯುತ್ತದೆ. ಅಕ್ಕ ಮಲಗಿದ್ದ ಕೋಣೆಯ ಗಾಳಿ ಆ ಕಿಟಕಿಯಿಂದ ಯಾವತ್ತೋ ಹೊರಟುಹೋಗಿತ್ತು.

ಗಂಟು ಬಿಚ್ಚಲು ಬಹಳ ಹೊತ್ತು ಹಿಡಿಯಿತು. ಕತ್ತರಿ ತರಲಾ ಎಂದರು ಭಾವ. ಬೇಡ ಎಂದೆ.

"ಏನ್, ಕೆಟ್ಟೋಗದಾ?" ಭಾವ ಕೆಳಗಿನಿಂದ ನನ್ನ ಮುಖವನ್ನೇ ನೋಡುತ್ತಿದ್ದರು. "ಅವ್ಳು ಕಟ್ಟಿದ್ದು ತಪ್ಪಾಯ್ತಾ?"

ಡಬ್ಬಿಯನ್ನು ಬೆಳಕಿಗೆ ಹಿಡಿದೆ. ತಂದ ದಿನದ ಹಾಗೆಯೇ ಕಪ್ಪಗೆ ಹೊಳೆಯುತ್ತಿತ್ತು.

"ಇಲ್ಲ ಭಾವ" ಎಂದೆ. "ಕಿಟಕಿ ತೆಗೆದೇ ಇಟ್ಟುಕೊಂಡು ಒಳಗೇ ಮಲಗಿ. ನೋಡಿ ಬೇಕಾದರೆ, ಒಂದು ಚೂರೂ ಧೂಳು ಬಿದ್ದಿಲ್ಲ."