ಕನ್ನಡಿಯಲ್ಲಿ ಇಲ್ಲದ ಗುಡ್ಡ

ಬೆಳಗಿನ ನಾಲ್ಕೂಮುಕ್ಕಾಲು. ನೆಲಮಾಳಿಗೆಯ ಉದ್ದನೆಯ ಕೋಣೆಯಲ್ಲಿ ನಾವು ಮೂವರು ಕುಳಿತಿದ್ದೇವೆ. "ಇಪ್ಪತ್ತು ನಿಮಿಷ ಅಲ್ಲಾಡಬೇಡಿ. ನಿಮ್ಮ ಮೈಬಿಸಿಗೆ ಗಾಳಿ ಕದಡುತ್ತೆ" ಎಂದು, ನೋಡಲು ಬಂದ ನನ್ನನ್ನು ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂರಿಸಿದ್ದಾರೆ ಇಲ್ಲಿ ಎಲ್ಲರೂ ಬ್ಲೇಡ್ ಮೇಷ್ಟ್ರು ಎಂದು ಕರೆಯುವವರು. ಆ ತುದಿಯಲ್ಲಿ ಐವತ್ತು ಕಿಲೋ ತೂಗುವ ಕನ್ನಡಿ ನಿಂತಿದೆ. ಈ ತುದಿಯಲ್ಲಿ ಸಾಸಿವೆ ಕಾಳಿಗಿಂತ ಸಣ್ಣದೊಂದು ಬೆಳಕು, ಅದರ ಪಕ್ಕ ಗಡ್ಡ ಕೆರೆಯುವ ಬ್ಲೇಡು. ಇನ್ನರ್ಧ ಗಂಟೆಯಲ್ಲಿ ಬೀದಿಗೆ ಬಸ್ಸುಗಳು ಬರುತ್ತವೆ, ಕಟ್ಟಡದ ಲಿಫ್ಟು ಗುರುಗುಡುತ್ತದೆ. ನೆಲ ಅದುರತೊಡಗಿದ ಮೇಲೆ ಇಲ್ಲಿ ಕಣ್ಣಿಟ್ಟು ಪ್ರಯೋಜನವಿಲ್ಲ.

ಮೇಷ್ಟ್ರು ಬೆಳಕಿನ ವಿಜ್ಞಾನ ಓದಿದ ಭೌತಶಾಸ್ತ್ರಜ್ಞ. ದೂರದರ್ಶಕಗಳ ಕನ್ನಡಿ ಮಾಡುವುದು ಅವರ ಕಸುಬು. ಮೂವತ್ತಾರು ವರ್ಷದಲ್ಲಿ ಇಪ್ಪತ್ಮೂರು ಕನ್ನಡಿ ಮಾಡಿದ್ದಾರೆ. ಅವುಗಳಲ್ಲಿ ಹೊಸ ನಕ್ಷತ್ರ ಕಂಡವರ ಫೋಟೊ ಪೇಪರಿನಲ್ಲಿ ಬರುತ್ತದೆ. ಇವರದ್ದು ಗುರುತಿನ ಚೀಟಿಯಲ್ಲಿ ಬಿಟ್ಟರೆ ಎಲ್ಲೂ ಇಲ್ಲ. "ಮನೆಯ ಕನ್ನಡಿ ಒರೆಸಿ ಅಂದ್ರೆ ಕೈಲಾಗಲ್ಲ, ಆಕಾಶ ನೋಡೋ ಕನ್ನಡಿ ಮಾಡ್ತಾರಂತೆ" ಎಂದು ಹೆಂಡತಿ ಛೇಡಿಸುತ್ತಾರೆ.

ಪರೀಕ್ಷೆ ಸರಳ. ಬೆಳಕು ಕನ್ನಡಿಗೆ ಹೋಗಿ, ಮರಳಿ ಒಂದು ಚುಕ್ಕೆಯಾಗಿ ಕೂಡುತ್ತದೆ. ಆ ಚುಕ್ಕೆಯನ್ನು ಬ್ಲೇಡಿನ ಅಂಚಿನಿಂದ ಮೆಲ್ಲಗೆ ಕತ್ತರಿಸುತ್ತಾ ಅದರ ಹಿಂದೆ ಒಂದು ಕಣ್ಣಿಟ್ಟು ನೋಡಬೇಕು. ಕನ್ನಡಿಯ ಮೈ ಸರಿಯಿದ್ದರೆ ಅದು ಪೂರ್ತಿ ಒಂದೇ ಸಮ ಬೂದುಬಣ್ಣಕ್ಕೆ ತಿರುಗುತ್ತದೆ. ತಲೆಗೂದಲನ್ನು ಎರಡು ಸಾವಿರ ಸೀಳು ಮಾಡಿದರೆ ಒಂದು ಸೀಳಿನಷ್ಟು ಉಬ್ಬಿದ್ದರೂ ಅದು ಗುಡ್ಡದಂತೆ ಎದ್ದು ಕಾಣುತ್ತದೆ. "ಒಳ್ಳೇ ಕನ್ನಡೀಲಿ ಏನೂ ಕಾಣಿಸಬಾರದು. ಅದೇ ಅದರ ಚಂದ" ಎನ್ನುತ್ತಾರೆ.

ಆದರೆ ಇಂದು ಬ್ಲೇಡಿನ ಹಿಂದೆ ಕೂತಿರುವುದು ಮೇಷ್ಟ್ರಲ್ಲ. ಹತ್ತೊಂಬತ್ತು ವರ್ಷದಿಂದ ಇಲ್ಲಿ ಗಾಜು ಉಜ್ಜುವ ಹೆಂಗಸು. ಮೇಷ್ಟ್ರು ಪಕ್ಕದಲ್ಲಿ ಕೈಕಟ್ಟಿ ಕೂತು, ಕನ್ನಡಿಯತ್ತ ಅಲ್ಲ, ಆಕೆಯ ಬಾಯತ್ತ ಮುಖ ಮಾಡಿದ್ದಾರೆ.

ಕಳೆದ ವರ್ಷ ಈ ಇಪ್ಪತ್ತನಾಲ್ಕನೆಯ ಕನ್ನಡಿ ಹೆಚ್ಚುಕಮ್ಮಿ ಮುಗಿದಿತ್ತು. ಒಂದು ಮುಂಜಾನೆ ನಟ್ಟನಡುವೆ ಒಂದು ಗುಡ್ಡ ಕಂಡಿತು. ಮೇಷ್ಟ್ರು ದೀಪ ಬದಲಿಸಿದರು, ಬ್ಲೇಡು ಬದಲಿಸಿದರು, ಕನ್ನಡಿಯನ್ನೇ ಸುತ್ತು ತಿರುಗಿಸಿದರು. ಗುಡ್ಡ ಕದಲಲಿಲ್ಲ. ಆ ಜಾಗವನ್ನು ಉಜ್ಜಿಸಿದರು. ಉಜ್ಜಿದರೆ ಗಾಜು ಬಿಸಿಯಾಗುತ್ತದೆ, ಅದು ತಣಿಯಲು ಮರುದಿನದವರೆಗೆ ಕಾಯಬೇಕು. ಹಾಗಾಗಿ ದಿನಕ್ಕೆ ಒಂದೇ ನೋಟ. ನಲವತ್ತೊಂದು ದಿನ ನೋಡಿದರು, ನಲವತ್ತೊಂದು ದಿನವೂ ಗುಡ್ಡ ಇದ್ದಲ್ಲೇ ಇತ್ತು.

"ಇಷ್ಟು ಮೊಂಡು ಗಾಜನ್ನ ನಾನು ಕಂಡಿರಲಿಲ್ಲ. ರೇಗಿಹೋಗಿ, ನೀನೇ ನೋಡಮ್ಮ ಅಂತ ಇವಳನ್ನ ಕೂರಿಸಿದೆ" ಎಂದು ಪಿಸುದನಿಯಲ್ಲಿ ಹೇಳುತ್ತಾರೆ ಮೇಷ್ಟ್ರು.

ಆ ದಿನವನ್ನು ಹೇಳುವಾಗ ಆಕೆ ಸೆರಗಿನ ತುದಿ ಹಿಂಡುತ್ತಾರೆ. "ಗುಡ್ಡ ಎಲ್ಲಿದೆ ಸಾರ್, ಇಲ್ಲಿ ಹಳ್ಳ ಬಿದ್ದಿದೆಯಲ್ಲ ಅಂದೆ. ನಾನೇ ತಪ್ಪು ನೋಡಿದ್ನೇನೋ ಅಂತ ಹೆದರಿಬಿಟ್ಟೆ."

ಆಕೆ ತಪ್ಪು ನೋಡಿರಲಿಲ್ಲ. ಗುಡ್ಡ ಇದ್ದದ್ದು ಮೇಷ್ಟ್ರ ಬಲಗಣ್ಣಿನಲ್ಲಿ. ಇಲ್ಲದ ಗುಡ್ಡವನ್ನು ಉಜ್ಜಿಸಿ ಉಜ್ಜಿಸಿ ಗಾಜಿನಲ್ಲಿ ನಿಜವಾಗಿಯೇ ಹಳ್ಳ ಬಿದ್ದಿತ್ತು. ಎಡಗಣ್ಣು ಚಿಕ್ಕಂದಿನಿಂದಲೂ ಮಂದವೆಂದು ಅವರು ಒಂದೇ ಕಣ್ಣಲ್ಲಿ, ಕನ್ನಡಿಯ ನಡುಮಧ್ಯಕ್ಕೆ ನೆಟ್ಟ ನೋಟ ಅಲ್ಲಾಡಿಸದೆ ಕೆಲಸ ಮಾಡಿದವರು. ಆಚೀಚೆ ಕಣ್ಣು ಹೊರಳಿಸಿದ್ದರೆ ಗುಡ್ಡವೂ ಜೊತೆಗೇ ಹೊರಳುತ್ತಿತ್ತು, ಗುಟ್ಟು ಬಯಲಾಗುತ್ತಿತ್ತು. ಅವರ ಶಿಸ್ತೇ ಅವರಿಗೆ ಮುಳುವಾಯಿತು. ದೀಪದ ಬುಡದಲ್ಲಿ ಕತ್ತಲೆ ಎಂಬ ಮಾತನ್ನು ನಾನು ಇಷ್ಟು ಸಂಕಟದಿಂದ ಎಂದೂ ನೆನೆದಿಲ್ಲ.

ಕಣ್ಣಿನ ಡಾಕ್ಟರು ಚೌಕುಳಿ ಗೆರೆಗಳ ಒಂದು ಹಾಳೆ ಕೊಟ್ಟರು. ನಡುವಿನ ಗೆರೆಗಳೆಲ್ಲ ಡೊಂಕು ಕಂಡವು. ಕಣ್ಣೊಳಗಿನ ಪರದೆಯ ಮಧ್ಯಭಾಗ ಕೆಟ್ಟಿದೆ, ಆರು ತಿಂಗಳು ಮೊದಲೇ ಬಂದಿದ್ದರೆ ಇಂಜೆಕ್ಷನ್ ಕೊಟ್ಟು ಉಳಿಸಬಹುದಿತ್ತು ಎಂದರು.

"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ. ನಾನು ಕನ್ನಡಿ ಡೊಂಕು ಅಂದೆ" ಎಂದು ಮೇಷ್ಟ್ರು ನಗುತ್ತಾರೆ. ಆ ನಗು ನನ್ನಿಂದ ನೋಡಲಾಗುವುದಿಲ್ಲ.

ಅವರ ತಾಯಿ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಮಗನನ್ನು ಓದಿಸಿದವರು. ಮುಪ್ಪಿನಲ್ಲಿ ಆಕೆ, ಮನೆಯ ಬಾಗಿಲು ಬಾಗಿದೆ ಎನ್ನತೊಡಗಿದರು. ದಿನಾ ಅದೇ ಮಾತು. ಆಗಷ್ಟೇ ಡಾಕ್ಟರೇಟ್ ಮುಗಿಸಿದ್ದ ಮಗ ದಾರಕ್ಕೆ ಗುಂಡು ಕಟ್ಟಿ ಚೌಕಟ್ಟಿನ ಪಕ್ಕ ಇಳಿಬಿಟ್ಟ. ಎಳ್ಳಷ್ಟೂ ಬಾಗಿರಲಿಲ್ಲ.

"ನೆಟ್ಟಗಿದೆ ನೋಡಮ್ಮ ಅಂತ ಸಾಬೀತು ಮಾಡಿದೆ. ಆಮೇಲೆ ಅವಳು ಆ ಮಾತು ಎತ್ತಲೇ ಇಲ್ಲ. ಎರಡು ವರ್ಷಕ್ಕೆ ನಮ್ಮ ಮುಖಾನೂ ಕಾಣದಾಯ್ತು. ಬೆಳಕಿನ ವಿಷಯದಲ್ಲಿ ಡಾಕ್ಟರೇಟ್ ತಗೊಂಡವನು ನಾನು. ನನ್ನಮ್ಮನ ಕಣ್ಣಿಗೆ ಹೀಗಾಗಿದೆ ಅಂತ ಹೊಳೀಲಿಲ್ಲ."

ಗಾಜಿನಲ್ಲಿ ಬಿದ್ದ ಹಳ್ಳವನ್ನು ತುಂಬಲು ಬರುವುದಿಲ್ಲ. ಸುತ್ತಲಿನದನ್ನೆಲ್ಲ ಉಜ್ಜಿ ಅದರ ಮಟ್ಟಕ್ಕೆ ಇಳಿಸಬೇಕು. ಏಳು ತಿಂಗಳಿಂದ ನಡೆದಿರುವುದು ಅದೇ. ಆಕೆ ನೋಡಿ ಹೇಳುತ್ತಾರೆ, ಮೇಷ್ಟ್ರು ಕಣ್ಣು ಮುಚ್ಚಿ ಕೇಳಿಸಿಕೊಂಡು ಎಲ್ಲಿ ಎಷ್ಟು ಉಜ್ಜಬೇಕೆಂದು ಲೆಕ್ಕ ಹಾಕುತ್ತಾರೆ. ಈ ತಿಂಗಳ ಕೊನೆಗೆ ಅವರ ನಿವೃತ್ತಿ. ಅಷ್ಟರೊಳಗೆ ಕನ್ನಡಿ ಸರಿಹೋಗದಿದ್ದರೆ ಅದು ಹಾಳಾದ ಗಾಜೆಂದು ಉಗ್ರಾಣ ಸೇರುತ್ತದೆ. ಕೈಯಾರೆ ಕೆಡಿಸಿದ್ದನ್ನು ಹಾಗೇ ಬಿಟ್ಟುಹೋಗಲು ಅವರಿಗೆ ಮನಸ್ಸಿಲ್ಲ. ಅವರಿಗಿರುವ ಆಸೆ ಅದೊಂದೇ.

ಇಪ್ಪತ್ತು ನಿಮಿಷ ಮುಗಿಯಿತು. ಆಕೆ ಉಸಿರು ಬಿಗಿಹಿಡಿದು ಬ್ಲೇಡಿನ ತಿರುಪು ತಿರುಗಿಸುತ್ತಾರೆ.

"ಹೇಗೆ ಕಾಣ್ತಿದೆ ಹೇಳಮ್ಮ."

"ಬೂದಿ ಬಣ್ಣ ಸಾರ್. ಪೂರ್ತಿ ಒಂದೇ ಸಮ."

"ಅಂಚು?"

"ಏನಿಲ್ಲ."

"ನಡುವೆ?"

ಆಕೆ ಕಣ್ಣು ಕೀಳದೆ ತುಂಬ ಹೊತ್ತು ನೋಡುತ್ತಾರೆ. "ಏನೂ ಇಲ್ಲ ಸಾರ್. ಆಣೆಗೂ ಏನೂ ಇಲ್ಲ."

ಮೇಷ್ಟ್ರು ಎದ್ದು ಆಕೆಯ ಜಾಗದಲ್ಲಿ ಕೂರುತ್ತಾರೆ. ಹಳೆಯ ರೂಢಿಯಂತೆ ಎಡಗಣ್ಣು ಮುಚ್ಚಿ, ಬಲಗಣ್ಣು ಬ್ಲೇಡಿಗೆ ಒಡ್ಡುತ್ತಾರೆ. ಹೊರಗೆ ಮೊದಲ ಬಸ್ಸು ಹೋದ ಸದ್ದು.

ಅವರು ಪರೀಕ್ಷೆಯ ಹಾಳೆ ತರಿಸುತ್ತಾರೆ. ಅದರ ಕೊನೆಯಲ್ಲಿ 'ನೋಡಿದವರು' ಎಂಬ ಸಾಲಿದೆ. ಇಪ್ಪತ್ಮೂರು ಕನ್ನಡಿಗೂ ಅಲ್ಲಿ ಸಹಿ ಹಾಕಿದ್ದು ಅವರೇ. ಈಗ ಪೆನ್ನನ್ನು ಆಕೆಯ ಕೈಗಿಡುತ್ತಾರೆ. ಆಕೆ ಕೈಯನ್ನು ಸೆರಗಿಗೆ ಎರಡು ಸಲ ಒರೆಸಿಕೊಂಡು, ಅಕ್ಷರ ಅಕ್ಷರ ಕೂಡಿಸಿ ತನ್ನ ಹೆಸರು ಬರೆಯುತ್ತಾರೆ.

ಮೆಟ್ಟಿಲು ಹತ್ತುವಾಗ ನಾನು ತಡೆಯಲಾರದೆ ಕೇಳುತ್ತೇನೆ: ನಿಮಗೇನು ಕಂಡಿತು?

"ಗುಡ್ಡ ಹಾಗೇ ಇದೆ" ಎನ್ನುತ್ತಾರೆ, ಗೋಡೆಗೆ ಕೈಯೂರಿ. "ಅವಳು ಇಲ್ಲ ಅಂದ್ಲು, ನಂಬಿದೆ. ಅವತ್ತೂ ಅಷ್ಟೇ ಮಾಡ್ಬೇಕಿತ್ತು. ಗುಂಡು ಇಳಿಬಿಡೋ ಬದಲು ಅಮ್ಮನ ಪಕ್ಕ ಕೂತು, ಬಾಗಿಲು ಹೇಗೆ ಕಾಣ್ತಿದೆ ಹೇಳಮ್ಮ ಅಂತ ಕೇಳ್ಬೇಕಿತ್ತು."