ಸುಬೇದಾರ ಸಾಯುವ ಸೀನು

ಮೊಬೈಲಿನಲ್ಲಿ ಆಡುವ ಯುದ್ಧದ ಗೇಮು. ಅದರ ಸೈನಿಕರಿಗೆ ಕನ್ನಡದಲ್ಲಿ ದನಿ ಕೊಡಲು ಹೊಸಬರು ಬೇಕಾಗಿದ್ದಾರೆ, ಅನುಭವ ಬೇಡ, ಫೋನಿನಲ್ಲೇ ರೆಕಾರ್ಡ್ ಮಾಡಿ ಕಳಿಸಿ ಎಂದು ಜಾಹೀರಾತಿನಲ್ಲಿತ್ತು. ನನ್ನ ಕಣ್ಣು ಬಿದ್ದದ್ದು ಸುಬೇದಾರನ ಪಾತ್ರದ ಮೇಲೆ. ಅವನಿಗಿದ್ದದ್ದು ನಾಲ್ಕೇ ಮಾತು. ನಾಲ್ಕನೆಯದನ್ನು ಆಡಿ, ಒಂದು ಕೂಗು ಹಾಕಿ ಸತ್ತುಹೋಗುತ್ತಾನೆ. ಇಷ್ಟಕ್ಕೆ ತಲೆ ನರೆಯುತ್ತಿರುವ ಗಂಡಸು ಅನ್ನ ನಿದ್ದೆ ಬಿಟ್ಟನಂತೆ ಎಂದು ನೀವು ನಗಬಹುದು. ನಗಿ, ನನಗೇನು. ಕೆಲಸ ಹೋಗಿ ಮನೆಯಲ್ಲಿ ಕೂತವನ ಸಂಕಟ ಕೂತವನಿಗೇ ಗೊತ್ತು.

ಹೋದ ಕೆಲಸವೂ ದನಿಯದೇ. ಒಂದು ಕಂಪನಿಯ ಕಸ್ಟಮರ್ ಕೇರಿನಲ್ಲಿ ಕನ್ನಡದ ಕರೆಗಳೆಲ್ಲ ನನಗೆ ಬರುತ್ತಿದ್ದವು. ಚೆನ್ನೈನಲ್ಲಿ ಕೂತುಕೊಂಡು ಬೀದರಿನವರ ಬೈಗುಳ, ಮಂಗಳೂರಿನವರ ಬೈಗುಳ ಎಲ್ಲ ತಿಂದು, ‘ತಮಗಾದ ತೊಂದರೆಗೆ ಕ್ಷಮೆ ಕೋರುತ್ತೇವೆ’ ಎಂದು ಬೆಣ್ಣೆ ಹಚ್ಚಿ ಹೇಳುತ್ತಿದ್ದೆ. ಆಮೇಲೆ ಆ ಕ್ಷಮೆಯನ್ನು ಕಂಪ್ಯೂಟರೇ ಕೇಳತೊಡಗಿತು. ನಮ್ಮ ವಿಭಾಗವನ್ನು ಮುಚ್ಚಿದರು.

ಬೇರೆ ಯಾವ ವಿದ್ಯೆ ಬರುತ್ತದೆ ನನಗೆ? ಸಿಕ್ಕ ಸಿಕ್ಕ ಗೇಮಿಗೆಲ್ಲ ದನಿ ಕಳಿಸಿದೆ. ಸಿಪಾಯಿಯಾದೆ, ಟ್ಯಾಂಕು ಓಡಿಸುವವನಾದೆ, ವೈರಿ ಪಡೆಯ ಕಾವಲುಗಾರನಾದೆ. ಒಬ್ಬರಾದರೂ ಆಗುವುದಿಲ್ಲ ಎಂದು ಬಾಯಿಬಿಟ್ಟು ಹೇಳಿದ್ದರೆ ಪುಣ್ಯ ಬರುತ್ತಿತ್ತು. ಬ್ಯಾಂಕಿನಲ್ಲಿ ದುಡಿದು ಮನೆ ನಡೆಸುತ್ತಿದ್ದ ನನ್ನ ಹೆಂಡತಿ ಒಂದು ಬೆಳಗ್ಗೆ ಜಡೆ ಹೆಣೆದುಕೊಳ್ಳುತ್ತ ಹೇಳಿದಳು: “ಈ ತಿಂಗಳು ಪೂರ್ತಿ ನೋಡೋಣ ರೀ. ಆಗ್ಲಿಲ್ಲಾಂದ್ರೆ ಅಣ್ಣ ಹೇಳಿದ್ನಲ್ಲ, ಮಣಲಿ ಫ್ಯಾಕ್ಟರಿ ಗೇಟ್ ಕೆಲಸ, ಅದಕ್ಕೆ ಸೇರ್ಕೊಂಡ್ಬಿಡಿ. ಸೆರಿಯಾ?”

ಅವಳು ಬೈಯಲಿಲ್ಲ. ಬೈದಿದ್ದರೆ ತಿರುಗಿ ಬೈದು ಹಗುರಾಗುತ್ತಿದ್ದೆ. ಗೇಟಿನ ಕೆಲಸ ಕೀಳು ಅಂತಲ್ಲ. ಆದರೆ ಅಲ್ಲಿ ನಿಂತ ಮೇಲೆ ಗಂಟಲನ್ನು ಯಾರು ಕೇಳುತ್ತಾರೆ? ನನ್ನಲ್ಲಿ ನಾಲ್ಕು ಜನರಿಗೆ ಬೇಕಾದದ್ದು ಅಂತ ಇದ್ದದ್ದು ಅದೊಂದೇ. ಸುಬೇದಾರ ಸಿಕ್ಕಿದರೆ ದನಿ ಉಳಿಯಿತು, ಇಲ್ಲದಿದ್ದರೆ ಹೋಯಿತು. ಅಷ್ಟೇ ಲೆಕ್ಕ.

ಮಾಧವರಂ ಬಸ್ ನಿಲ್ದಾಣದ ಪಕ್ಕದ ಮನೆಯಲ್ಲಿ ಸದ್ದಿಲ್ಲದ ಜಾಗ ಎಲ್ಲಿಂದ ತರುವುದು? ಬಟ್ಟೆ ಬೀರುವಿನೊಳಗೆ ತಲೆ ತೂರಿಸಿ, ಹೆಂಡತಿಯ ರೇಷ್ಮೆ ಸೀರೆಗಳ ನಡುವೆ ಫೋನಿಟ್ಟುಕೊಂಡು ಕೂಗುತ್ತಿದ್ದೆ. ಫ್ಯಾನು ಹಾಕಿದರೆ ಅದರ ಸದ್ದೂ ಸೇರುತ್ತದೆ, ಹಾಕುವಂತಿಲ್ಲ. ಅದೂ ಅಗ್ನಿನಕ್ಷತ್ರದ ಬಿಸಿಲಿನ ದಿನಗಳು. ಬೆವರು ಕಣ್ಣಿಗಿಳಿದು ಉರಿಯುತ್ತಿತ್ತು. ಹಾಗೇ ಮೂರು ಮಾತೂ ಸಾಯುವಾಗಿನ ಕೂಗೂ ಮುಗಿದವು. ನಾಲ್ಕನೆಯ ಮಾತು, ‘ನೀವು ಮುಂದೆ ನಡೀರಿ ಮಕ್ಳಾ, ನಾನಿನ್ನು ಹೋಗ್ತೀನಿ.’ ಇನ್ನೂ ಬಾಯಿ ಮುಚ್ಚಿರಲಿಲ್ಲ, ಅಡುಗೆಮನೆಯಿಂದ ಅಮ್ಮ ಸೌಟು ಹಿಡಿದುಕೊಂಡೇ ಬಂದಳು.

“ಬಿಡ್ತು ಅನ್ನೋ! ಬಿಡ್ತು ಅನ್ನು ಮೊದ್ಲು!”

“ಅಮ್ಮಾ, ಅದು ಡೈಲಾಗು.”

“ಡೈಲಾಗೋ ಮಣ್ಣಾಂಗಟ್ಟಿಯೋ. ನಾನು ಬದುಕಿರೋ ತನಕ ಈ ಮನೇಲಿ ಆ ಮಾತು ಆಡ್ಕೂಡದು. ಬೇಕಾದ್ರೆ ಕಿರುಚ್ಕೋ.”

ಬಿಡ್ತು ಅಂದೆ. ಅಮ್ಮನ ಜೊತೆ ವಾದಿಸಿ ಗೆದ್ದವರುಂಟೆ? ಮೂರು ಮಾತನ್ನೂ ಕೂಗನ್ನೂ ಮಾತ್ರ ಕಳಿಸಿದೆ. ನಂಬುತ್ತೀರೋ ಇಲ್ಲವೋ, ಕರೆ ಬಂತು. ಎಗ್ಮೋರಿನ ಸ್ಟುಡಿಯೋಗೆ ಬನ್ನಿ ಎಂದರು. ತಿಂಗಳು ಮುಗಿಯುವುದರಲ್ಲಿತ್ತು.

ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿ ಹಳೇ ಕಟ್ಟಡದ ಮಹಡಿ. ರೆಕಾರ್ಡ್ ಮಾಡುವವನು ತಮಿಳಿನ ಹುಡುಗ. ಹೇಗೆ ಆಡಬೇಕೆಂದು ಹೇಳಿಕೊಡುವ ಮೇಡಂ ಬೆಂಗಳೂರಿನಿಂದ ಪರದೆಯ ಮೇಲೆ ಬಂದಿದ್ದರು. ಮೊದಲ ಮೂರು ಮಾತು ನೀರು ಕುಡಿದಷ್ಟು ಸಲೀಸಾಗಿ ಬಂದವು. ‘ಹೆದರಬೇಡ್ರೋ, ನಾನಿದ್ದೀನಿ’ ಎಂದಾಗ ಮೇಡಂ “ವಾವ್ ಸರ್” ಎಂದರು. ನನ್ನ ಎದೆ ಉಬ್ಬಿತು. ನಾಲ್ಕನೆಯದು. ಉಸಿರು ಕುಗ್ಗಿಸಿದೆ, ಗಂಟಲು ಒಡೆಸಿದೆ.

“ನೀವು ಮುಂದೆ ನಡೀರಿ ಮಕ್ಳಾ, ನಾನಿನ್ನು ಹೋಗ್ಬಿಟ್ಟು ಬರ್ತೀನಿ.”

ಗಾಜಿನಾಚೆ ಹುಡುಗ ಕಿಸಕ್ಕನೆ ನಕ್ಕ. ಮೇಡಂ ಕೂಡ ನಗು ತಡೆದುಕೊಂಡು, “ಸರ್, ಸಾಯ್ತಿರೋನು ವಾಪಸ್ ಬರ್ತೀನಿ ಅಂದ್ರೆ ಹೆಂಗೆ ಸರ್? ಇನ್ನೊಂದ್ಸಲ” ಎಂದರು.

ಇನ್ನೊಂದು ಸಲವೂ ಅದೇ. ಮತ್ತೊಂದು ಸಲವೂ ಅದೇ! ನನ್ನ ನಾಲಿಗೆಗೆ ಬೆಂಕಿ ಹಾಕ. ನಮ್ಮ ಮನೆಯಲ್ಲಿ ಹಾಲು ತರಲು ಮೆಟ್ಟಿಲಿಳಿದರೂ ‘ಹೋಗಿ ಬರ್ತೀನಿ’ ಅನ್ನಬೇಕು. ರೈಲ್ವೆಯಲ್ಲಿ ಗಾರ್ಡ್ ಆಗಿದ್ದ ಅಪ್ಪ ಪ್ರತಿ ಡ್ಯೂಟಿಗೂ ಹಾಗೆ ಹೇಳಿಯೇ ಹೊಸಿಲು ದಾಟುತ್ತಿದ್ದರು. ಈ ಊರಿನ ತಮಿಳರೂ ‘ಪೋಯ್ಟು ವರೇನ್’ ಅನ್ನದೆ ಹೊರಡುವುದಿಲ್ಲ. ಮನೆಯ ಭಾಷೆ, ಬೀದಿಯ ಭಾಷೆ ಎರಡೂ ಸೇರಿ ಹುಟ್ಟಿದಾಗಿನಿಂದ ತಿದ್ದಿದ ನಾಲಿಗೆ, ಬರೀ ‘ಹೋಗ್ತೀನಿ’ ಎಂದು ನಿಲ್ಲಲು ಒಲ್ಲೆ ಎಂದಿತು. ಮನೆಯಲ್ಲಿ ಅಭ್ಯಾಸ ಮಾಡಿದ್ದರೆ ಬರುತ್ತಿತ್ತೋ ಏನೋ. ಕೊನೆಗೆ ಹಲ್ಲು ಕಚ್ಚಿ, ಒಂದೊಂದೇ ಅಕ್ಷರ ಹಿಡಿದು ಹೇಳಿದೆ. ಮಾತು ಸರಿಯಾಗಿ ಬಂತು, ಆದರೆ ಕರೆ ಮಾಡಿದ್ದಕ್ಕೆ ಧನ್ಯವಾದ ಹೇಳಿ ಫೋನಿಡುವವನ ದನಿಯಲ್ಲಿ.

“ಪರವಾಗಿಲ್ಲ ಬಿಡಿ ಸರ್” ಎಂದರು ಮೇಡಂ. ಆ ‘ಪರವಾಗಿಲ್ಲ’ದ ಅರ್ಥ ನನಗೆ ಗೊತ್ತಿಲ್ಲವೆ? ನಾನೇ ಸಾವಿರಾರು ಜನಕ್ಕೆ ಹೇಳಿದ್ದೇನೆ.

“ಮೇಡಂ, ನಿಮ್ಮ ದಮ್ಮಯ್ಯ, ಇನ್ನೊಂದೇ ಒಂದು ಸಲ.” ಮಗಳಾಗುವಷ್ಟು ವಯಸ್ಸಿನ ಹುಡುಗಿಗೆ, ಅದೂ ಪರದೆಯೊಳಗಿನವಳಿಗೆ, ಎರಡೂ ಕೈ ಜೋಡಿಸಿ ನಿಂತಿದ್ದೆ. ನಾಚಿಕೆ ಆಗಲಿಲ್ಲ. ನಾಚಿಕೆಪಡುವಷ್ಟು ಚೈತನ್ಯವೂ ಉಳಿದಿರಲಿಲ್ಲ.

ಅವರು ಒಳ್ಳೆಯವರೇ. ಹೀಗೆ ಹೇಳಿದರು: “ಸರ್, ಸುಬೇದಾರನಿಗೆ ಬೇರೆಯವರನ್ನ ನೋಡ್ತೀವಿ. ಆದ್ರೆ ನಿಮ್ಮ ಸಾಯೋ ಕೂಗು ಮಾತ್ರ ಫಸ್ಟ್ ಕ್ಲಾಸ್. ಅದನ್ನ ಒಂದಷ್ಟು ಕೊಡ್ತೀರಾ? ಅದ್ರಲ್ಲಿ ಮಾತಿಲ್ವಲ್ಲ, ಎಲ್ಲಾ ಭಾಷೆಗೂ ಆಗತ್ತೆ. ವೈರಿ ಸೈನಿಕರಿಗೆ ಹಾಕ್ಕೋತೀವಿ.”

ಕೊಟ್ಟೆ. ಗುಂಡು ತಗುಲಿ ಸತ್ತೆ, ಗೋಡೆಯಿಂದ ಬಿದ್ದು ಸತ್ತೆ, ಬೆಂಕಿ ಹತ್ತಿಕೊಂಡು ಸತ್ತೆ. ನಟಿಸಿದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಅಲ್ಲಿಯತನಕ ಮನೆಯವರ ಮುಂದೆ ನುಂಗಿಕೊಂಡಿದ್ದೆಲ್ಲ ಆ ಮೈಕಿನೊಳಗೆ ಹೋಯಿತು. ಮುಗಿಸಿ ಹೊರಬಂದಾಗ ಹುಡುಗ ಬಿಸಿನೀರು ತಂದುಕೊಟ್ಟು, “ಕೇಕ್ಕವೇ ಭಯಮಾ ಇರುಂದುಚ್ಚು ಸಾರ್” ಎಂದ. ಕೇಳುವುದಕ್ಕೇ ಭಯವಾಯಿತಂತೆ. ಆಗಬೇಕಾದ್ದೇ.

ಮನೆಯಲ್ಲಿ ‘ಆಗಲಿಲ್ಲ’ ಎಂದಷ್ಟೇ ಹೇಳಿದೆ. ಕೂಗಿನ ವಿಷಯ ಯಾವ ಬಾಯಿಂದ ಹೇಳಲಿ? ಮುಂದಿನ ಸೋಮವಾರ ಮಣಲಿಯ ಗೇಟಿನಲ್ಲಿ ನಿಂತಿದ್ದೆ. ಬಂದ ಲಾರಿಯ ನಂಬರು ಬರೆದುಕೊಳ್ಳುವುದು, ಹೋದ ಲಾರಿಗೆ ಗೇಟು ತೆಗೆಯುವುದು. ಎಣ್ಣೆ ವಾಸನೆಗೆ ಮೂಗು ಕಟ್ಟಿತು. ಮಾತಿನ ಅಗತ್ಯವೇ ಬೀಳಲಿಲ್ಲ.

ಕೆಲವು ತಿಂಗಳಾದ ಮೇಲೆ ಅಮ್ಮನದೊಂದು ಕಾಟ ಶುರುವಾಯಿತು. ಡ್ಯೂಟಿಯ ನಡುವೆ, ಹೊತ್ತಿಲ್ಲ ಗೊತ್ತಿಲ್ಲ, ಫೋನು. “ಏನೋ ಮಾಡ್ತಿದ್ದೀಯ?” “ಗೇಟ್ ಕಾಯ್ತಿದ್ದೀನಿ.” “ಊಟ ಆಯ್ತಾ?” “ಈಗ ತಾನೆ ಕೇಳಿದ್ಯಲ್ಲಮ್ಮಾ!” ಹಿಂದೆ ಲಾರಿಯವರು ಹಾರನ್ ಹೊಡೆಯುತ್ತಿದ್ದರು. ವಯಸ್ಸಾಯಿತು, ಮರೆವು ಹತ್ತಿತು ಎಂದುಕೊಂಡೆ. ಒಂದೆರಡು ಸಲ ಗದರಿಯೂ ಬಿಟ್ಟೆ.

ಒಂದು ರಜೆಯ ದಿನ ಮಧ್ಯಾಹ್ನ ಊಟಕ್ಕೆ ಕೂತಿದ್ದೆ. ಅಮ್ಮ ಎದುರಿಗೆ ಕೂತು ಹುರುಳಿಕಾಯಿಯ ನಾರು ಬಿಡಿಸುತ್ತಿದ್ದಳು. ಮೇಲಿನ ಮನೆಗೆ ಹೊಸದಾಗಿ ಬಾಡಿಗೆಗೆ ಬಂದಿದ್ದ ತಮಿಳು ಹುಡುಗಿ ಬಾಲ್ಕನಿಯಲ್ಲಿ ಫೋನಿನಲ್ಲಿ ಏನೋ ಆಡುತ್ತಿದ್ದಳು. ಗುಂಡಿನ ಸದ್ದು. ಅದರ ಹಿಂದೆಯೇ ಒಂದು ಕೂಗು. ನನ್ನ ಕೂಗು. ಕೈಯ ತುತ್ತು ಕೈಯಲ್ಲೇ ಉಳಿಯಿತು.

ಅಮ್ಮ ತಲೆಯೆತ್ತಲಿಲ್ಲ. ಹುರುಳಿಕಾಯಿ ಕೆಳಗಿಟ್ಟು, ಪಕ್ಕದಲ್ಲಿದ್ದ ಫೋನು ತೆಗೆದು ಒತ್ತಿದಳು. ನನ್ನ ಜೇಬು ಗುಂಯ್ಗುಟ್ಟಿತು. ಆಗ ನನ್ನನ್ನು ನೋಡಿ ಅವಳ ಮುಖ ಸಣ್ಣಗಾಯಿತು.

“ನೀನಲ್ಲ ಅಂತ ಗೊತ್ತು ಕಣೋ” ಎಂದಳು. “ಮೊದಲ್ನೇ ದಿನ ಬೀದಿ ತನಕ ಓಡಿಹೋಗಿದ್ದೆ. ಆಮೇಲೆ ಆ ಹುಡ್ಗಿ ತೋರಿಸಿದ್ಳು, ಅದು ಆಟ ಅಂತ. ಆದ್ರೂ ನಿನ್ನ ದನಿ ನಂಗೆ ಗೊತ್ತಾಗಲ್ವಾ? ಫೋನಲ್ಲಿ ಒಂದು ಸಲ ನೀನು ಮಾತಾಡೋದು ಕೇಳ್ಬಿಟ್ರೆ ಸಮಾಧಾನ.”

ಮೇಲೆ ಮತ್ತೆ ಸತ್ತೆ. ಈ ಸಲ ಬೆಂಕಿಯದು. ಜೇಬಿನಲ್ಲಿ ಫೋನು ಇನ್ನೂ ಹೊಡೆದುಕೊಳ್ಳುತ್ತಲೇ ಇತ್ತು. ಅಮ್ಮ ಅದನ್ನು ನಿಲ್ಲಿಸಲಿಲ್ಲ. ಕಿವಿಗೆ ಹಿಡಿದು ಕಾಯುತ್ತಿದ್ದಳು. ಎಡಗೈಯಲ್ಲಿ ಫೋನು ತೆಗೆದು ನಾನೂ ಕಿವಿಗಿಟ್ಟುಕೊಂಡೆ.

“ಅಮ್ಮಾ, ಚೆನ್ನಾಗಿದ್ದೀನಿ” ಎಂದೆ.

“ಊಟ ಆಯ್ತಾ?” ಎಂದಳು ಫೋನಿನಲ್ಲಿ.