ಮಲ್ಲೂನ ಕಿಡಕಿ ಸೀಟು

ಯಾದಗಿರಿಯಿಂದ ಶಹಾಬಾದಿಗೆ ದಿನಾ ಪ್ಯಾಸೆಂಜರ್ ಗಾಡ್ಯಾಗ ಕೆಲಸಕ್ಕ ಹೋಗೋ ನಾವು ನಾಲ್ಕು ಮಂದಿ, ನಾಲವಾರದಾಗ ಹತ್ತೋ ಮಲ್ಲೂನ ಸಲುವಾಗಿ ಕಿಡಕಿ ಸೀಟಿನ ಮ್ಯಾಲ ಟವೆಲ್ ಹಾಕಿ ಇಡ್ತಿದ್ವಿ. ಇಪ್ಪತ್ತಾರರ ಹುಡುಗ. ಹತ್ತಿದ ಕೂಡ್ಲೇ ಎಲ್ಲರಿಗೂ ಹುರಿದ ಶೇಂಗಾ ಹಂಚಾವ. ಒಂದಿನ ಮನಿ ಅಂಗಳದಾಗ ಎದಿ ಹಿಡ್ಕೊಂಡು ಬಿದ್ದವ ಏಳಲೇ ಇಲ್ಲ. ಅವ ಹೋಗಿ ತಿಂಗಳಾದ್ರೂ ಟವೆಲ್ ಹಾಕೋದು ಬಿಡಾಕ ನಮಗ ಮನಸಾಗಲಿಲ್ಲ.

ಒಂದು ಮುಂಜಾನೆ ಗಂಟು ಹೊತ್ತ ಮುದುಕಿ ಒಬ್ಬಾಕಿ ಬಂದು ಕೇಳಿದಳು, "ಇಲ್ಲಿ ಯಾರರ ಬರಾವ್ರದಾರೇನ್ರಿ?"

"ನಾಲವಾರದಾಗ ಹತ್ತತಾನ ಯವ್ವಾ," ಅಂದೆ. ಬಾಯಿಗೆ ರೂಢಿ ಆಗಿತ್ತು.

ಮುದುಕಿ ನಿಂತೇ ಬಂದಳು. ನಾಲವಾರ ಬಂತು, ಹೋತು.

"ನಿಮ್ಮವ ಬರಲಿಲ್ಲಲ್ಲೋ ಯಪ್ಪಾ?"

ತಲಿ ತಗ್ಗಿಸಿ ಇದ್ದದ್ದು ಹೇಳಿಬಿಟ್ಟೆ. ಬೈತಾಳ ಅನ್ಕೊಂಡಿದ್ದೆ. ಆಕಿ ಟವೆಲ್ ಝಾಡಿಸಿ, ಮಡಚಿ, ನನ್ನ ಕೈಯಾಗ ಇಟ್ಟು ಕುಂತಳು. "ನಾ ನಿಂತದ್ದು ನೋಡಿದ್ರ ಆ ಹುಡುಗ ತಾನೇ ಎದ್ದು ಜಾಗಾ ಕೊಡ್ತಿದ್ದ, ಹೌದಿಲ್ಲೋ?"

ಖರೇನ ಕೊಡ್ತಿದ್ದ. ಶೇಂಗಾನೂ ಕೊಡ್ತಿದ್ದ. ಕುಂತ ನಾವು ನಾಲ್ವರು ಮಾತ್ರ ಎದ್ದಿರಲಿಲ್ಲ. ಅವತ್ತು ವಾಡಿ ಸ್ಟೇಷನ್ ದಾಟೋತನಕ ಆಕಿಗೆ ಮಲ್ಲೂನ ಸುದ್ದಿ ಹೇಳಿಕೋತ, ಅವ ಸತ್ತ ಮ್ಯಾಲ ಮೊದಲ ಸಲ ನಕ್ವಿ. ಎದಿ ಹಗುರಾತು.

ಟವೆಲ್ ಹಾಕೋದು ಈಗ ಬಿಟ್ಟೀವಿ. ಆ ಕಿಡಕಿ ಸೀಟಿಗಂತ ನಾಲ್ಕೂ ಮಂದಿ ದಿನಾ ಜಗಳಾಡಾಕತ್ತೀವಿ.